ಅಪ್ಪನನ್ನು ಮಣ್ಣು ಮಾಡಿದ ಕೇಸು

ಆ ಕೇಸಿಗೆ ಕೋರ್ಟಿನಲ್ಲಿ ಒಂದು ನಂಬರಿತ್ತು. ನಮ್ಮ ಮನೆಯಲ್ಲಿ ಮಾತ್ರ ಅದನ್ನು ಎಲ್ಲರೂ ‘ಅಪ್ಪನನ್ನು ಮಣ್ಣು ಮಾಡಿದ ಕೇಸು’ ಎಂದೇ ಕರೆಯುತ್ತಿದ್ದೆವು.

ತೊಂಬತ್ತರ ದಶಕದ ನಡುಭಾಗ. ನಾನು ಕರಿಕೋಟು ಹಾಕಿಕೊಂಡು ಮೈಸೂರಿನ ಕೋರ್ಟಿಗೆ ಓಡಾಡಲು ಶುರುಮಾಡಿ ಕೆಲವು ವರ್ಷಗಳಾಗಿದ್ದವು. ಚಾಮರಾಜಪುರಂನಲ್ಲಿ ನಮ್ಮ ಸೀನಿಯರ್ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಅವರು ಜಮೀನಿನ ಪಾಲು, ಬಾಡಿಗೆ ತಕರಾರು ಇವುಗಳಲ್ಲೇ ತಲೆ ನೆರೆಸಿಕೊಂಡವರು. ಕಾಡಿನ ಕೇಸನ್ನು ಅದುವರೆಗೆ ಮುಟ್ಟಿದವರಲ್ಲ. ಈ ಕೇಸು ಅವರ ಬಳಿಗೆ ಬಂದದ್ದು ಬೇರೆ ವಕೀಲರು ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದರಿಂದ.

ಕರೆದುಕೊಂಡು ಬಂದವರು ಕಾಡಂಚಿನ ಊರಿನ ಒಬ್ಬ ಶಾಲಾ ಮೇಷ್ಟ್ರು. ಅವರ ಹಿಂದೆ ಗಂಡ ಹೆಂಡತಿ ನಿಂತಿದ್ದರು. ಜೇನುಕುರುಬರು. ಗಂಡ ಬಾಗಿಲಿನಿಂದ ಒಳಗೆ ಬರಲೇ ಇಲ್ಲ. ಹೆಂಡತಿ ಮಾತ್ರ ನೇರವಾಗಿ ಬಂದು ನೆಲದ ಮೇಲೆ ಕೂತಳು. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ಕುಳ್ಳು ಮೈ, ಗುಂಗುರು ಕೂದಲು, ಮಾತಾಡುವ ಮೊದಲೇ ನಗುವ ಕಣ್ಣು.

“ಕುರ್ಚಿ ಮೇಲೆ ಕೂತ್ಕೊಳಮ್ಮ” ಎಂದರು ಸೀನಿಯರ್.

“ಕುರ್ಚೀಲಿ ಕುಂತ್ರೆ ಕಾಲು ನೆಲಕ್ಕೆ ಎಟುಕಾಕಿಲ್ಲ ಸ್ವಾಮಿ. ಮಾತು ಓಡಾಕಿಲ್ಲ.”

ಸೀನಿಯರ್ ನಕ್ಕುಬಿಟ್ಟರು. ಏನು ಕೇಸು ಎಂದು ಕೇಳಿದರು.

“ನಮ್ಮಪ್ಪನ್ನ ಮಣ್ಣು ಮಾಡಿದ್ದಕ್ಕೆ ಜೈಲು ಅಂದವ್ರೆ” ಎಂದಳು ಅವಳು.

ಸಂಗತಿ ಇಷ್ಟು. ಅವಳು ಹುಟ್ಟಿದ ಹಾಡಿ ಕಾಡಿನ ಒಳಗಿತ್ತು. ಅವಳು ಚಿಕ್ಕವಳಿದ್ದಾಗ ಆ ಕಾಡನ್ನು ಅಭಯಾರಣ್ಯ ಮಾಡಿ, ಹಾಡಿಯ ಜನರನ್ನು ಎಬ್ಬಿಸಿ, ಹೊರಗಿನ ಬಯಲಲ್ಲಿ ಹೆಂಚಿನ ಮನೆಗಳ ಕಾಲೋನಿಯಲ್ಲಿ ಇಟ್ಟರು. ಅವಳ ಅಪ್ಪ ಆ ಕಾಲೋನಿಯಲ್ಲೇ ಮುದುಕನಾದ. ಸಾಯುವ ಮೊದಲು, ತನ್ನನ್ನು ಹಳೇ ಹಾಡಿಯ ಹತ್ತಿರವೇ ಇಡಬೇಕೆಂದು ಮಗಳ ಕೈಲಿ ಮಾತು ತೆಗೆದುಕೊಂಡ. ಅವನು ತೀರಿಕೊಂಡಾಗ ನೆಂಟರೆಲ್ಲ ಸೇರಿ ಹೆಣ ಹೊತ್ತುಕೊಂಡು ಬೆಳಕು ಹರಿಯುವ ಹೊತ್ತಿಗೆ ಕಾಡೊಳಗೆ ಹೋದರು. ಮಣ್ಣು ಮುಗಿಸಿ ಉಳಿದವರು ಬೇಗ ಬೇಗ ಹೊರಟರು. ಇವಳು ಅಲ್ಲೇ ಸ್ವಲ್ಪ ಹೊತ್ತು ಕೂತಳು. ಹೆಂಡತಿಯನ್ನು ಬಿಟ್ಟು ಹೋಗಲಾರದೆ ಗಂಡನೂ ಕೂತ. ಬರುವ ದಾರಿಯಲ್ಲಿ ಗಾರ್ಡುಗಳು ಹಿಡಿದರು. ಕೈಯಲ್ಲಿ ಹಾರೆ, ಗುದ್ದಲಿ ಇದ್ದವು. ಅಪ್ಪಣೆಯಿಲ್ಲದೆ ಅಭಯಾರಣ್ಯಕ್ಕೆ ನುಗ್ಗಿದ್ದಾರೆ ಎಂದು ವನ್ಯಜೀವಿ ಕಾಯ್ದೆಯಲ್ಲಿ ಕೇಸು ದಾಖಲಾಯಿತು. ತಾಲ್ಲೂಕು ಕೋರ್ಟಿನಲ್ಲಿ, ಅಪ್ಪಣೆಯಿಲ್ಲದೆ ಒಳಗೆ ಹೋಗಿದ್ದು ನಿಜವೇ ಎಂದು ಕೇಳಿದರು. ಇಬ್ಬರೂ ಹೂಂ ಎಂದರು. ಕೆಲವು ತಿಂಗಳ ಸಜೆಯಾಯಿತು. ಅಪೀಲಿಗೆಂದು ಸ್ವಲ್ಪ ದಿನ ಸಜೆಯನ್ನು ತಡೆದಿದ್ದರು; ಅಷ್ಟರೊಳಗೆ ಮೈಸೂರಿನ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಬೇಕಿತ್ತು.

“ಕಷ್ಟದ ಕೇಸು” ಎಂದು ಸೀನಿಯರ್ ಕನ್ನಡಕ ತೆಗೆದರು. “ಸುಳ್ಳೇ ಹೇಳದ ಕಕ್ಷಿದಾರರನ್ನ ನಾನು ನೋಡಿ ಬಹಳ ದಿವಸ ಆಗಿತ್ತು.” ಆಮೇಲೆ ನನ್ನ ಕಡೆ ತಿರುಗಿ, “ಆ ಕಾಯ್ದೇನ ಪೂರ್ತಿ ಓದು. ಒಳಗೆ ಹೋಗಬಾರದು ಅನ್ನೋ ಕಡೆ ನಿಲ್ಲಿಸಬೇಡ, ಅದರ ಹಿಂದೆ ಮುಂದೆ ಏನಿದೆ ನೋಡು” ಎಂದರು.

ಓದಿದೆ. ಅಪ್ಪಣೆಯಿಲ್ಲದೆ ಹೋಗಬಾರದು ಎನ್ನುವ ಕಾಯ್ದೆಯೇ, ಒಳಗೆ ಜಾಗದ ಮೇಲೆ ಹಕ್ಕಿರುವವರನ್ನು ಬಿಡಬೇಕು ಎಂದೂ ಹೇಳುತ್ತಿತ್ತು. ಯಾರಿಗೆ ಏನು ಹಕ್ಕಿದೆ ಎಂದು ಸರ್ಕಾರ ಮೊದಲು ವಿಚಾರಿಸಿ ತೀರ್ಮಾನ ಮಾಡಬೇಕು ಎಂದಿತ್ತು. ಈ ಹಾಡಿಯವರನ್ನು ಯಾರಾದರೂ ಹಾಗೆ ವಿಚಾರಿಸಿದ್ದರೇ? ಅವಳನ್ನೇ ಕೇಳಿದೆ.

“ವಿಚಾರಿಸಿದ್ರು ಕಣಕ್ಕ. ‘ಎಷ್ಟು ಜನ ಇದ್ದೀರಿ, ಲಾರೀಲಿ ಹಿಡೀತೀರಾ’ ಅಂತ ಕೇಳಿದ್ರು” ಎಂದಳು.

ಅಪೀಲು ಹಾಕಿದೆವು. ಅದು ತೀರ್ಮಾನವಾಗುವವರೆಗೆ ಇಬ್ಬರನ್ನೂ ಹೊರಗೆ ಬಿಡಲು ಕೋರ್ಟು ಒಪ್ಪಿತು. ಆದರೆ ಜಾಮೀನು ಬೇಕು. ಜಮೀನೋ ಮನೆಯೋ ಇರುವವರು ಬಂದು, ಇವರು ತಪ್ಪಿಸಿಕೊಂಡು ಹೋಗುವುದಿಲ್ಲ ಎಂದು ಬರೆದುಕೊಡಬೇಕು. ಅವಳ ನೆಂಟರಲ್ಲಿ ಯಾರ ಹೆಸರಿಗೂ ಒಂದು ಗುಂಟೆ ನೆಲವಿರಲಿಲ್ಲ. ಮೇಷ್ಟ್ರು ಬಾಡಿಗೆ ಮನೆಯಲ್ಲಿದ್ದರು. ನಾನೇ ನಿಲ್ಲೋಣವೆಂದರೆ, ವಕೀಲರು ತಮ್ಮ ಕಕ್ಷಿದಾರರಿಗೆ ಜಾಮೀನು ನಿಲ್ಲುವ ಹಾಗಿಲ್ಲ ಎಂದು ಸೀನಿಯರ್ ಗದರಿದರು.

ಆ ಸಂಜೆ ಮನೆಗೆ ಬಂದಾಗ ನನ್ನ ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದರು. ನಮ್ಮ ಮನೆ ದಟ್ಟಗಳ್ಳಿಯಲ್ಲಿ. ಅದು ಮೊದಲು ಅತ್ತೆಯ ಮನೆಯವರ ಹೊಲವಿದ್ದ ಜಾಗ. ಬಡಾವಣೆ ಮಾಡುತ್ತೇವೆಂದು ಹೊಲಗಳನ್ನೆಲ್ಲ ತೆಗೆದುಕೊಂಡು, ರಸ್ತೆ ಕಡಿದು, ಪರಿಹಾರದ ಜೊತೆಗೆ ಒಂದು ಸೈಟು ಕೊಟ್ಟಿದ್ದರು. ಅದರಲ್ಲೇ ಅತ್ತೆಯ ಹೆಸರಿನಲ್ಲಿ ಮನೆ ಕಟ್ಟಿದ್ದೆವು. ಸುತ್ತ ಇನ್ನೂ ಖಾಲಿ ಸೈಟುಗಳು. ಸಂಜೆಯಾದರೆ ಬೀದಿಗೆ ನಮ್ಮ ಮನೆಯ ದೀಪ ಒಂದೇ.

ನಾನೂ ಕೂತು ಕಾಳು ಹಿತುಕುತ್ತಾ ದಿನದ ಸಮಾಚಾರ ಹೇಳಿದೆ. ಅತ್ತೆಗೆ ನನ್ನ ಕೋರ್ಟಿನ ಕಥೆಗಳೆಂದರೆ ಇಷ್ಟ.

“ಏನು ಮಾಡಿದ್ರಂತೆ ಅವ್ರು? ಕಳ್ತನವಾ?”

“ಇಲ್ಲ ಅತ್ತೆಮ್ಮ. ಅವಳಪ್ಪ ತೀರ್ಕೊಂಡ್ರು. ಹಿರೀಕರನ್ನ ಇಟ್ಟಿರೋ ಜಾಗದಲ್ಲೇ ಮಣ್ಣು ಮಾಡಿದ್ರು. ಅದು ಈಗ ಅಭಯಾರಣ್ಯ.”

ಅತ್ತೆಯ ಕೈ ನಿಂತಿತು. “ಮಣ್ಣು ಮಾಡಿದ್ದಕ್ಕೆ ಜೈಲಾ?”

“ಮಣ್ಣು ಮಾಡಿದ್ದಕ್ಕಲ್ಲ, ಒಳಗೆ ಹೋಗಿದ್ದಕ್ಕೆ.”

“ಒಳಗೆ ಓಗ್ದೆ ಮಣ್ಣು ಮಾಡೋದು ಎಂಗಮ್ಮ?”

ನಾವು ಶಿವಭಕ್ತರ ಮನೆಯವರು, ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿ, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತೇವೆ. ನಮ್ಮ ಮಾವನವರ ಗದ್ದುಗೆಯೂ ಹೊಲದ ಮೂಲೆಯಲ್ಲಿತ್ತು. ಬಡಾವಣೆಯಾದಾಗ ಅದು ಏನಾಯಿತೆಂದು ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅತ್ತೆ ಆ ಹೊತ್ತಿನಲ್ಲೂ ಅದನ್ನೆತ್ತಲಿಲ್ಲ. ಮತ್ತೆ ಕಾಳು ಹಿತುಕತೊಡಗಿ, “ನಾಳೆ ನಾನೇ ಬತ್ತೀನಿ ಬುಡು. ಮನೆ ಕಾಗದ ಪೆಟ್ಟಿಗೇಲಿ ಅದೆ” ಎಂದರು.

ಬೆಳಿಗ್ಗೆ ನನ್ನ ಗಂಡ ತಕರಾರು ತೆಗೆದರು. ಅವರಿಗೆ ಕಡಕೊಳದ ಕಾರ್ಖಾನೆಯಲ್ಲಿ ಕೆಲಸ. “ಅಮ್ಮ, ಮುಖ ನೋಡ್ದೇ ಇರೋರಿಗೆ ಮನೆ ಮೇಲೆ ಜಾಮೀನು ಕೊಡ್ತಾರಾ ಯಾರಾದ್ರೂ?”

“ಹೋಗಿ ನೋಡ್ತೀನಿ ಕಣೋ ಮುಖಾನ. ನೀನು ಟಿಫನ್ ಬಾಕ್ಸ್ ಮರೀಬೇಡ” ಎಂದರು ಅತ್ತೆ.

ಕೋರ್ಟಿನ ಅಂಗಳದ ಮಳೆಮರದ ಕೆಳಗೆ ಅತ್ತೆ ಮೊದಲ ಸಲ ಅವಳನ್ನು ನೋಡಿದರು. ಮುದುಡಿಕೊಂಡು ಕೂತಿದ್ದ ಗಂಡ ಹೆಂಡತಿಯನ್ನು ಎಬ್ಬಿಸಿ, ತಾವು ತಂದಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿ ಕೊಟ್ಟರು. ಯಾವ ಊರು, ಅಪ್ಪನಿಗೆ ಏನಾಗಿತ್ತು, ಅವ್ವ ಇದ್ದಾಳೆಯೇ, ಎಲ್ಲ ಕೇಳಿದರು. ಕೋರ್ಟಿನೊಳಗಿಂದ ಕೂಗು ಬರುವ ಹೊತ್ತಿಗೆ ಅವಳು ಅತ್ತೆಯನ್ನು ‘ಅವ್ವ’ ಎನ್ನುತ್ತಿದ್ದಳು.

ನ್ಯಾಯಾಧೀಶರು ಅತ್ತೆಯ ಹಣೆಯ ವಿಭೂತಿ, ಜರಿಯಂಚಿನ ಸೀರೆ ನೋಡಿದರು; ಆರೋಪಿಗಳನ್ನು ನೋಡಿದರು. “ಇವರು ನಿಮಗೆ ಗೊತ್ತಾ ಅಮ್ಮ?”

“ಗೊತ್ತು ಸ್ವಾಮಿ.”

“ಎಷ್ಟು ದಿವಸದಿಂದ?”

ಅತ್ತೆ ಸುಳ್ಳು ಹೇಳುವವರಲ್ಲ. “ಇವತ್ತು ಬೆಳಿಗ್ಗೆಯಿಂದ. ಆದ್ರೆ ಅಪ್ಪನ ಮಾತು ಉಳಿಸ್ಕಂಡೋಳು. ನಿಮ್ಮ ಮಾತು ತಪ್ಪಿಸಿ ಓಡೋಗಾಕಿಲ್ಲ” ಎಂದರು. ನ್ಯಾಯಾಧೀಶರು ಪೆನ್ನು ತೆಗೆದು ಸಹಿ ಮಾಡಿದರು.

ಅಂದಿನಿಂದ ಅವಳಿಗೆ ನಮ್ಮ ಮನೆ ತವರಿನ ಹಾಗಾಯಿತು. ಅಪೀಲಿನ ವಾಯಿದೆಗೆಲ್ಲ ಕಕ್ಷಿದಾರರು ಬರಲೇಬೇಕೆಂದಿಲ್ಲ. ಆದರೂ ಅವಳು ತಪ್ಪದೆ ಬರುತ್ತಿದ್ದಳು. ತಾನು ಕಾಣಿಸದಿದ್ದರೆ ಅವ್ವನ ಮನೆ ಹರಾಜಾಗುತ್ತದೆ ಎಂದು ಅವಳ ನಂಬಿಕೆ. ಎಷ್ಟು ಹೇಳಿದರೂ ಕೇಳಲಿಲ್ಲ. ಹಿಂದಿನ ದಿನವೇ ಬಂದು, ಉಳಿದು, ಮಾರನೆಯ ದಿನ ನನ್ನ ಜೊತೆ ಕೋರ್ಟಿಗೆ ಬರುತ್ತಿದ್ದಳು. ಮೊದಮೊದಲು ಬರಿಗೈಲಿ ಬಂದೆನೆಂದು ನಾಚಿಕೊಳ್ಳುತ್ತಿದ್ದಳು.

“ಜೇನು ತರಬಾರ್ದೇನೇ, ಜೇನಿನೋಳು” ಎಂದು ಅತ್ತೆ ರೇಗಿಸಿದರೆ, “ತಂದೇನು ಅವ್ವ. ಆಮೇಲೆ ಅಕ್ಕ ಇನ್ನೊಂದು ಕೇಸು ನಡೆಸಬೇಕಾಯ್ತದೆ” ಎನ್ನುತ್ತಿದ್ದಳು.

ಅತ್ತೆಯ ಅಡುಗೆಮನೆಗೆ ಸ್ನಾನವಿಲ್ಲದೆ ನಾನೂ ಕಾಲಿಡುವಂತಿರಲಿಲ್ಲ. ಅವಳು ಎರಡನೆಯ ಸಲ ಬಂದಾಗ ಹೊಸ್ತಿಲಾಚೆ ಕೂತು ತಟ್ಟೆ ಚಾಚಿದಳು. ಅತ್ತೆ ಅವಳನ್ನೂ ತಟ್ಟೆಯನ್ನೂ ನೋಡಿ, “ಎದ್ದು ಮಿಂದು ಬಾ. ಸೊಪ್ಪು ಸೋಸೋದು ಯಾರು, ನಾನೊಬ್ಳೆಯಾ?” ಎಂದು ಗದರಿದರು. ಅವಳು ಮಿಂದು ಬಂದು ಒಳಗೆ ಕೂತಳು. ಆ ವಿಚಾರ ಅಲ್ಲಿಗೇ ಮುಗಿಯಿತು.

ಮುಂದಿನ ಬೇಸಿಗೆಯ ಹೊತ್ತಿಗೆ ಅವಳು ಬಸುರಿ. ಒಂದು ಮಧ್ಯಾಹ್ನ ಹಿತ್ತಲ ನೆರಳಿನಲ್ಲಿ ಅತ್ತೆ ಅವಳ ತಲೆಗೆ ಹರಳೆಣ್ಣೆ ಹಚ್ಚುತ್ತಿದ್ದರು. ನಾನು ಪಕ್ಕದಲ್ಲಿ ಫೈಲು ಬಿಡಿಸಿಕೊಂಡಿದ್ದೆ.

“ನಿಂಗೆ ಮಕ್ಕಳಾಗ್ನಿಲ್ವಾ ಅಕ್ಕ?” ಎಂದಳು.

ಊರಲ್ಲಿ ಯಾರೂ ಹಾಗೆ ನೇರ ಕೇಳುತ್ತಿರಲಿಲ್ಲ. ಹಿಂದೆ ಮಾತಾಡಿಕೊಳ್ಳುತ್ತಿದ್ದರು, ಅಷ್ಟೆ. “ಒಂದಾಗಿತ್ತು. ದಿನ ತುಂಬೋ ಮೊದಲೇ, ಹೊಟ್ಟೇಲೇ ಹೋಯ್ತು” ಎಂದೆ.

“ಅಯ್ಯೋ. ಎಲ್ಲಿ ಮಡಗಿದ್ದೀರಿ?”

“ಗೊತ್ತಿಲ್ಲ” ಎಂದೆ.

ಅವಳು ತಿರುಗಿ ನನ್ನನ್ನೇ ನೋಡಿದಳು. ನಂಬಲಿಲ್ಲ. “ಗೊತ್ತಿಲ್ಲ ಅಂದ್ರೆ? ನಿನ್ನ ಕೂಸು ಎಲ್ಲದೆ ಅಂತ ನಿಂಗೇ ಗೊತ್ತಿಲ್ವಾ?”

ನಿಜವಾಗಿಯೂ ಗೊತ್ತಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ನನಗೆ ಪ್ರಜ್ಞೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಂಡಸರು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರಂತೆ. ಕೇಳಿದರೆ, ಅದೆಲ್ಲ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ, ಮುಂದಿನದು ನೋಡು ಎಂದಿದ್ದರು. ತಾಯಿಗೆ ಜಾಗ ಹೇಳಿದರೆ ಅವಳು ಅಲ್ಲಿಗೇ ಹೋಗಿ ಹೋಗಿ ಕೂರುತ್ತಾಳೆ, ಮುಂದಿನ ಮಗು ನಿಲ್ಲುವುದಿಲ್ಲ ಎಂದು ನಮ್ಮ ಕಡೆಯ ಮಾತು. ಮುಂದಿನ ಮಗು ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಅವಳ ತಲೆಯ ಮೇಲಿದ್ದ ಅತ್ತೆಯ ಕೈ ಹಾಗೇ ನಿಂತಿತ್ತು. ಎಣ್ಣೆ ಅವಳ ಹಣೆಗೆ ಇಳಿಯುತ್ತಿತ್ತು. ಅತ್ತೆ ಸೆರಗಿನಿಂದ ಅದನ್ನು ಒರೆಸಿ, ಬಟ್ಟಲನ್ನು ಬದಿಗಿಟ್ಟು ಎದ್ದರು. “ಚಪ್ಲಿ ಹಾಕ್ಕೊಳ್ಳಿ ಇಬ್ರೂ” ಎಂದರು.

ಬಿಸಿಲು ಇನ್ನೂ ಇಳಿದಿರಲಿಲ್ಲ. ಅತ್ತೆ ಮುಂದೆ, ನಾವಿಬ್ಬರು ಹಿಂದೆ. ನಮ್ಮ ಬೀದಿ ದಾಟಿ, ಇನ್ನೊಂದು ಬೀದಿ ದಾಟಿ, ಪಾರ್ಕಿಗೆಂದು ಬಿಟ್ಟಿದ್ದ ಪಾಳು ಜಾಗಕ್ಕೆ ಬಂದೆವು. ಮೊಣಕಾಲುದ್ದ ಕಳೆ ಬೆಳೆದಿತ್ತು. ಮೂಲೆಯಲ್ಲಿ ಒಂದು ಹೊಂಗೆಮರ. ಅದರ ಒಂದು ಪಕ್ಕಕ್ಕೆ ರಸ್ತೆಯ ಜಲ್ಲಿ ಸುರಿದಿದ್ದರು.

“ಈ ಮರ ನಮ್ಮ ಹೊಲದ ಬದುವಿನದು” ಎಂದರು ಅತ್ತೆ. “ನಿಮ್ಮ ಮಾವನ ಗದ್ದುಗೆ ಇಲ್ಲೇ ಇತ್ತು. ಕಲ್ಲೆಲ್ಲ ಬುಲ್ಡೋಜರ್‌ನೋನು ತಳ್ಬುಟ್ಟ. ಕೂಸನ್ನ ಅವರ ಕಾಲ ಹತ್ರ ಇಟ್ಟೋ. ಇಲ್ಲಿ.”

ನಾನು ನಿಂತೇ ಇದ್ದೆ. ಆ ಪಾರ್ಕಿನ ಪಕ್ಕದಲ್ಲೇ ನಾನು ದಿನಾ ಬಸ್‌ಸ್ಟಾಪಿಗೆ ನಡೆದುಹೋಗುತ್ತಿದ್ದೆ. ಅವಳು ಬಸುರಿ ಹೊಟ್ಟೆ ಹಿಡಿದು ಕುಕ್ಕರುಗಾಲಲ್ಲಿ ಕೂತು, ಕಳೆ ಕಿತ್ತು, ನೆಲವನ್ನು ಅಂಗೈಯಲ್ಲಿ ತಟ್ಟಿದಳು. ಮಲಗಿದ ಮಗುವಿನ ಬೆನ್ನು ತಟ್ಟುವ ಹಾಗೆ.

“ಗಂಡಾ ಹೆಣ್ಣಾ ಅವ್ವ?”

“ಹೆಣ್ಣು” ಎಂದರು ಅತ್ತೆ. “ಕೂದಲು ಬಂದಿತ್ತು. ನಿನ್ನಂಗೇ ಗುಂಗುರು.”

ನನಗೆ ಅದೂ ಗೊತ್ತಿರಲಿಲ್ಲ. ಅಲ್ಲೇ ಕೂತುಬಿಟ್ಟೆ. ಅತ್ತೆಯೂ ನನ್ನ ಪಕ್ಕದಲ್ಲಿ ಕೂತು, ಅವತ್ತು ಅದಕ್ಕೆ ಸುತ್ತಿದ ಬಟ್ಟೆ ತಮ್ಮ ಹಳೇ ರೇಷ್ಮೆ ಸೀರೆಯದೆಂದೂ, ಪ್ರತಿ ಸೋಮವಾರ ಅಂಗಡಿಗೆಂದು ಹೇಳಿ ತಾವು ಬರುವುದು ಇಲ್ಲಿಗೇ ಎಂದೂ ಹೇಳಿದರು. “ನಿಂಗೆ ಹೇಳಿದ್ರೆ ನೀನು ಇಲ್ಲೇ ಉಳ್ಕೋತೀಯ ಅಂತ ಹೆದರಿದ್ದೆ ಕಣಮ್ಮ” ಎಂದರು. ನಾನು ಅವರ ಹೆಗಲಿಗೆ ಒರಗಿ ಅತ್ತುಬಿಟ್ಟೆ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಹಾಗೆ ಅತ್ತಿದ್ದು ಅದೇ ಮೊದಲು. ಅವಳು ನಮ್ಮಿಬ್ಬರನ್ನೂ ಅವಸರಪಡಿಸದೆ, ಸುತ್ತಲ ಕಳೆಯನ್ನೆಲ್ಲ ಕಿತ್ತು ಒಂದು ಕಡೆ ಗುಡ್ಡೆ ಹಾಕಿದಳು.

ಆಮೇಲೆ ಸೋಮವಾರಗಳಂದು ನಾನೂ ಅತ್ತೆಯ ಜೊತೆ ಹೋಗತೊಡಗಿದೆ. ಅತ್ತೆ ಹೆದರಿದ್ದ ಹಾಗೆ ನಾನು ಅಲ್ಲೇ ಉಳಿದುಕೊಳ್ಳಲಿಲ್ಲ. ಹೂವಿಟ್ಟು ಬರುತ್ತಿದ್ದೆವು, ಅಷ್ಟೆ.

ಅವಳಿಗೆ ಹೆಣ್ಣುಮಗುವಾಯಿತು. ಅದನ್ನು ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ವಾಯಿದೆಗೆ ಬಂದಳು. ಮಗು ಕೋರ್ಟಿನ ಕಾರಿಡಾರಿನಲ್ಲಿ ತೆವಳಿತು, ಶಿರಸ್ತೇದಾರರ ಮೇಜಿನ ಕಾಲು ಹಿಡಿದು ನಿಂತಿತು. ಕೇಸು ಮಾತ್ರ ನಿಂತಲ್ಲೇ ನಿಂತಿತ್ತು. ಒಂದು ಸಲ ಸರ್ಕಾರಿ ವಕೀಲರಿಗೆ ಬಿಡುವಿಲ್ಲ, ಒಂದು ಸಲ ನ್ಯಾಯಾಧೀಶರ ವರ್ಗ, ಒಂದು ಸಲ ಕೆಳಗಿನ ಕೋರ್ಟಿನಿಂದ ಕಡತ ಬಂದಿಲ್ಲ.

ಹಾಗೆ ಬೇಗ ಮುಗಿದ ಒಂದು ದಿನ ಅವರನ್ನು ಮೃಗಾಲಯಕ್ಕೆ ಕರೆದುಕೊಂಡು ಹೋದೆ. ಆನೆಯ ಮುಂದೆ ನಿಲ್ಲೋಣವೆಂದರೆ, “ಆನೆ ನೋಡಾಕೆ ಇಷ್ಟು ದೂರ ಬರ್ಬೇಕಾ ಅಕ್ಕ?” ಎಂದು ಮುಂದೆ ನಡೆದಳು. ಜಿರಾಫೆಯ ಹತ್ತಿರ ಬಂದಾಗ ನಿಂತುಬಿಟ್ಟಳು. ಕತ್ತು ನೋಡಿ, ಕಾಲು ನೋಡಿ, ಮತ್ತೆ ಕತ್ತು ನೋಡಿ, ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳು ನಗುವುದನ್ನು ನೋಡಿ ಮಗು ನಕ್ಕಿತು. ಯಾವತ್ತೂ ತುಟಿ ಬಿಚ್ಚದ ಅವಳ ಗಂಡನೂ ನಕ್ಕ. ಸಂಜೆ ಅತ್ತೆಗೆ ಜಿರಾಫೆ ನೀರು ಕುಡಿಯುವ ಬಗೆಯನ್ನು ನಡುಮನೆಯಲ್ಲಿ ಕಾಲಗಲಿಸಿ ತೋರಿಸಿದಳು.

ಅಪೀಲು ವಾದಕ್ಕೆ ಬರುವ ಹೊತ್ತಿಗೆ ಸೀನಿಯರ್ ಅವರಿಗೆ ಲಕ್ವ ಹೊಡೆದು ಮಾತು ತೊದಲುತ್ತಿತ್ತು. ಹಾಸಿಗೆಯಲ್ಲಿ ಮಲಗಿಯೇ ಎಡಗೈಯಿಂದ ನನ್ನ ಕಡೆ ತೋರಿಸಿ, “ನೀನೇ” ಎಂದರು. ನಾನು ಅದುವರೆಗೆ ಅವರ ಹಿಂದೆ ಫೈಲು ಹಿಡಿದು ನಿಂತವಳೇ ಹೊರತು ಅಪೀಲು ವಾದಿಸಿದವಳಲ್ಲ.

ಸರ್ಕಾರಿ ವಕೀಲರು ಕೆಟ್ಟವರೇನಲ್ಲ. “ಇವರ ದುಃಖ ನನಗೂ ಅರ್ಥವಾಗುತ್ತೆ” ಎಂದೇ ಶುರುಮಾಡಿದರು. “ಆದರೆ ಇವತ್ತು ಇವರಿಗೆ ಬಿಟ್ಟರೆ, ನಾಳೆ ಗುದ್ದಲಿ ಹಿಡಿದು ಕಾಡಿಗೆ ನುಗ್ಗಿದವರೆಲ್ಲ ಹೆಣ ಹೂಳೋಕೆ ಬಂದೆವು ಅಂತಾರೆ. ಪ್ರಾಣಿಗಳಿಗೆ ಉಳಿದಿರೋದು ಅಷ್ಟೇ ಜಾಗ.”

ನಾನು ಎದ್ದೆ. ಮೊದಲೆರಡು ವಾಕ್ಯ ನನಗೇ ಕೇಳಿಸಲಿಲ್ಲ. ಆಮೇಲೆ ಧ್ವನಿ ಬಂತು. ಪ್ರಾಣಿಗಳಿಗೆ ಜಾಗ ಬೇಡವೆಂದು ನಾವು ಹೇಳುತ್ತಿಲ್ಲ ಎಂದೆ. ಹಕ್ಕಿದ್ದವರನ್ನು ಒಳಗೆ ಬಿಡಿ ಎಂದು ಕಾಯ್ದೆಯೇ ಹೇಳುತ್ತದೆ. ಇವರಿಗೆ ಹಕ್ಕಿಲ್ಲ ಎನ್ನುವುದಾದರೆ, ಅದನ್ನು ಯಾರು, ಯಾವಾಗ, ಇವರನ್ನು ಕೇಳಿ ತೀರ್ಮಾನ ಮಾಡಿದರು ಎಂಬುದನ್ನು ಸರ್ಕಾರ ತೋರಿಸಲಿ ಎಂದೆ. ತಲೆತಲಾಂತರದಿಂದ ಹಿರಿಯರನ್ನು ಇಟ್ಟ ನೆಲದ ಮೇಲೆ ಮನುಷ್ಯರಿಗೆ ಯಾವ ಹಕ್ಕೂ ಇಲ್ಲವೇ ಎಂದೂ ಕೇಳಿದೆ. ಇಷ್ಟು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು.

ನ್ಯಾಯಾಧೀಶರು ಹೊಸಬರು. ಹಿಂದಿನ ಬೆಂಚಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವಳನ್ನು ಮುಂದೆ ಕರೆಸಿದರು. “ಕಾಲೋನಿ ಪಕ್ಕದಲ್ಲೇ ಸ್ಮಶಾನಕ್ಕೆ ಜಾಗ ಬಿಟ್ಟಿದ್ದಾರಲ್ಲಮ್ಮ. ಅಲ್ಲಿ ಯಾಕೆ ಮಾಡಲಿಲ್ಲ?”

“ಅಲ್ಲಿ ನಮ್ಮಪ್ಪಂಗೆ ಯಾರೂ ಗೊತ್ತಿಲ್ಲ ಸ್ವಾಮಿ” ಎಂದಳು ಅವಳು. “ನಮ್ಮವ್ವ ಒಳಗವ್ಳೆ, ಅಜ್ಜ ಅವ್ನೆ, ಎಲ್ರೂ ಅಲ್ಲೇ ಅವ್ರೆ. ಬಯಲಲ್ಲಿ ಮನೆ ಕೊಟ್ಟಾಗ್ಲಿಂದ ಆವಯ್ಯ ನಿದ್ದೆ ಮಾಡ್ನಿಲ್ಲ. ಸತ್ಮ್ಯಾಲಾದ್ರೂ ಮಲಿಕ್ಕಳ್ಳಿ ಅಂತ ಕರ್ಕೊಂಡೋದೊ.”

ನ್ಯಾಯಾಧೀಶರು ಏನನ್ನೋ ಬರೆದುಕೊಂಡು, “ಹೋಗಿ ಕೂತ್ಕೊಳಮ್ಮ” ಎಂದರು.

ತೀರ್ಪು ಬಂದಾಗ ಇಬ್ಬರ ಸಜೆಯೂ ರದ್ದಾಗಿತ್ತು. ಹಾಡಿಯವರ ಹಕ್ಕುಗಳನ್ನು ವಿಚಾರಿಸಿ ಇತ್ಯರ್ಥ ಮಾಡಿದ್ದಕ್ಕೆ ಸರ್ಕಾರ ಯಾವ ದಾಖಲೆಯನ್ನೂ ಹಾಜರುಪಡಿಸಿಲ್ಲ, ಆದ್ದರಿಂದ ಇವರು ಅಪರಾಧ ಮಾಡಿದ್ದಾರೆ ಎನ್ನಲಾಗದು ಎಂದು ನ್ಯಾಯಾಧೀಶರು ಬರೆದಿದ್ದರು. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಈ ತೀರ್ಪಿನಿಂದ ಇವರಿಗೆ ಮುಂದೆ ಒಳಗೆ ಹೋಗುವ ಅಪ್ಪಣೆ ಸಿಕ್ಕಿದೆ ಎಂದು ತಿಳಿಯಬಾರದು.

ಮಳೆಮರದ ಕೆಳಗೆ ಅವಳಿಗೆ ಅದನ್ನು ಓದಿ ಹೇಳಿದೆ. ಅತ್ತೆ ಅವಳ ಬಾಯಿಗೆ ಮೈಸೂರುಪಾಕು ಇಟ್ಟರು. ಅವಳು ಅದನ್ನು ಅಗಿಯುತ್ತಾ, “ಅಂಗಾರೆ ಅಪ್ಪನ್ನ ನೋಡಾಕೆ ಓಗ್ಬೋದಾ ಅಕ್ಕ?” ಎಂದಳು.

“ಸದ್ಯಕ್ಕೆ ಬೇಡಮ್ಮ. ಅದಕ್ಕೆ ಇನ್ನೂ ಅಪ್ಪಣೆಯಿಲ್ಲ” ಎಂದೆ.

ಅವಳ ಮುಖ ಸಣ್ಣದಾಯಿತು. ಆದರೂ ನನ್ನ ಕೈ ಹಿಡಿದು, “ನೀನು ಮಾತಾಡ್ದಾಗ ನಿನ್ನ ಕಾಲು ನಡುಗ್ತಿತ್ತು. ನಾನು ನೋಡ್ದೆ” ಎಂದು ನಗಿಸಿದಳು. ಸೀನಿಯರ್ ಅವರಿಗೆ ತೀರ್ಪನ್ನು ಹಾಸಿಗೆಯ ಪಕ್ಕ ಕೂತು ಓದಿದೆ. ಕೊನೆಯ ಸಾಲು ಬಂದಾಗ ಅವರು ಬೆರಳೆತ್ತಿ ಅಲ್ಲಾಡಿಸಿದರು. ಅದನ್ನು ಬಿಡಬೇಡ ಎಂದು ನಾನು ಅರ್ಥಮಾಡಿಕೊಂಡೆ. ಅದೇ ವರ್ಷ ಅವರು ತೀರಿಕೊಂಡರು.

ಬಿಡಲಿಲ್ಲ, ಆದರೆ ಬಹಳ ಮುಂದಕ್ಕೂ ಹೋಗಲಾಗಲಿಲ್ಲ. ಅಪ್ಪಣೆ ಕೇಳಿ ಬರೆದ ಅರ್ಜಿಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿದವು. ಅವಳು ಗೌರಿಹಬ್ಬಕ್ಕೆ, ದಸರೆಗೆ ಬಂದು ಹೋಗುತ್ತಿದ್ದಳು. ಮಗಳು ಆಶ್ರಮಶಾಲೆ ಸೇರಿದಳು. ಅತ್ತೆಗೆ ಮಂಡಿನೋವು ಬಂತು. ನನ್ನ ಕೂದಲು ನೆರೆಯಿತು.

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಾಗ, ಕಾಡಿನಲ್ಲಿ ಬಾಳಿದವರ ಹಕ್ಕನ್ನು ಒಪ್ಪುವ ಹೊಸ ಕಾಯ್ದೆ ಜಾರಿಗೆ ಬಂತು. ಹಕ್ಕಿನ ಬೇಡಿಕೆಯನ್ನು ಮೊದಲು ಹಾಡಿಯವರ ಸಭೆಯೇ ವಿಚಾರಿಸಬೇಕು. ಅವಳನ್ನೇ ಸಮಿತಿಗೆ ಆರಿಸಿದರು. ಫೋನು ಮಾಡಿ ಕೂಗಿದಳು: “ಅಕ್ಕ, ಈಗ ನಾನೇ ವಿಚಾರಿಸೋಳು!”

ಅವರು ಹಳೇ ಹಾಡಿಗೆ ವಾಪಸು ಹೋಗಿ ಬಾಳುವ ಹಕ್ಕು ಕೇಳಿದರು, ಜೇನು ಕೀಳುವ ಹಕ್ಕು ಕೇಳಿದರು, ದೇವರ ಜಾಗಕ್ಕೂ ಹಿರಿಯರ ಜಾಗಕ್ಕೂ ಹೋಗಿಬರುವ ಹಕ್ಕು ಕೇಳಿದರು. ಕೊನೆಯದನ್ನು ಮಾತ್ರ ಮೇಲಿನವರು ಒಪ್ಪಿದರು. ಉಳಿದವು ಇವತ್ತಿಗೂ ತಕರಾರಿನಲ್ಲಿವೆ. ಆ ಫೈಲುಗಳು ನನ್ನ ಮೇಜಿನ ಮೇಲಿವೆ.

ಮೊದಲ ಸಲ ಹೋಗುವ ದಿನ ನನ್ನನ್ನೂ ಕರೆದಳು. ಅತ್ತೆಗೆ ಬರಲಾಗಲಿಲ್ಲ. ಬಾಳೆಹಣ್ಣು, ಕಡ್ಲೆಪುರಿ, ಒಂದು ಚೂರು ವಿಭೂತಿ ಕಟ್ಟಿ ಕೊಟ್ಟು, ನಾನು ಬೀದಿ ತಿರುಗುವವರೆಗೆ ಗೇಟಿನಲ್ಲಿ ನಿಂತಿದ್ದರು. ಕಾಡಂಚಿನಲ್ಲಿ ಒಬ್ಬ ಎಳೆಯ ಗಾರ್ಡು ನಮ್ಮ ಜೊತೆಗೆ ಬಂದ. ಅವಳ ಗಂಡ, ಮಗಳು, ನೆಂಟರು ಸೇರಿ ಹತ್ತಾರು ಜನ. ಹಳೇ ಹಾಡಿಯಲ್ಲಿ ಮನೆಗಳ ಗುರುತೇನೂ ಉಳಿದಿರಲಿಲ್ಲ. ಹಿರಿಯರ ಜಾಗದಲ್ಲಿ ಕಲ್ಲುಗಳಿದ್ದವು, ಅರ್ಧ ಹುಲ್ಲಿನಲ್ಲಿ ಮುಚ್ಚಿದ್ದವು. ಗಾರ್ಡು ಕೇಳದೆಯೇ ಬೂಟು ಬಿಚ್ಚಿ ದೂರ ನಿಂತ.

ಅವಳು ಅಪ್ಪನ ಕಲ್ಲಿನ ಮುಂದೆ ಕೂತು ಬೀಡಿ ಹಚ್ಚಿ ಇಟ್ಟಳು. ಆಮೇಲೆ ಬೈಯತೊಡಗಿದಳು. “ನಿನ್ನಿಂದ ಎಷ್ಟು ಕೋರ್ಟು ಅಲೆದೆ ಗೊತ್ತಾ? ಮೈಸೂರು ರೋಡೆಲ್ಲ ನಂಗೆ ಬಾಯಿಪಾಠ. ನೋಡು, ಇವಳು ನಿನ್ನ ಮೊಮ್ಮಗಳು, ಏಳ್ನೇ ಕ್ಲಾಸು. ಇವಳು ವಕೀಲಕ್ಕ. ಇವ್ನು ನಿನ್ನ ಅಳಿಯ, ಮರೆತ್ಬುಟ್ಯಾ?” ಮಗಳು ಗಾರ್ಡಿನ ಮುಂದೆ ನಾಚಿಕೊಂಡು ಅಮ್ಮನ ಸೆರಗು ಜಗ್ಗಿದಳು. ಗಂಡ ಹುಲ್ಲು ಕೀಳುತ್ತಿದ್ದವನು ಹಾಗೇ ಕಣ್ಣೊರೆಸಿಕೊಂಡ. ನಾನು ಅತ್ತೆಯ ವಿಭೂತಿಯನ್ನು ಕಲ್ಲಿಗೆ ಹಚ್ಚಲೇ ಬೇಡವೇ ಎಂದು ಅನುಮಾನಿಸುತ್ತಿದ್ದಾಗ ಅವಳೇ ಕೈ ಚಾಚಿ ಇಸಿದುಕೊಂಡು ಹಚ್ಚಿದಳು. ಎಲ್ಲರೂ ಕೂತು ಬುತ್ತಿ ಬಿಚ್ಚಿ ಉಂಡೆವು. ಗಾರ್ಡನ್ನೂ ಕರೆದು ಕೂರಿಸಿದೆವು.

ಮೈಸೂರಿಗೆ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ಅತ್ತೆ ನಡುಮನೆಯಲ್ಲಿ ಕಾಯುತ್ತಾ ಕೂತಿದ್ದರು. ನಾನು ಕೈಕಾಲು ತೊಳೆದು ಬರುವವರೆಗೂ ತಡೆಯಲಿಲ್ಲ.

“ಹೆಂಗವ್ರೆ ಅವಳಪ್ಪ?” ಎಂದು ಕೇಳಿದರು.

“ಚೆನ್ನಾಗಿದ್ದಾರೆ ಅತ್ತೆಮ್ಮ” ಎಂದೆ.

“ನೆರಳೈತಾ?”

“ಬೇಕಾದಷ್ಟಿದೆ.”

ಅತ್ತೆ ಸಮಾಧಾನದಿಂದ ತಲೆಯಾಡಿಸಿ, ಗೋಡೆ ಹಿಡಿದು ಎದ್ದು, ಸಾರು ಬಿಸಿ ಮಾಡಲು ಒಳಗೆ ಹೋದರು.